ಹದಿನೇಳನೆಯ ಬುರುಡೆ

ಆ ವರ್ಷ ಬೇಲಿ ತುಂಬ ಸೋರೆ ಬಿಟ್ಟಿತು, ಹದಿನೇಳು.
ತಿನ್ನುವುದಕ್ಕಲ್ಲ, ಅಂದ ಲೂಷಿಯಸ್.
ಚಳಿಗಾಲವಿಡೀ ಶೆಡ್ಡಿನ ಜಂತಿಗೆ ನೇತುಹಾಕಿ ಒಣಗಿಸಿದ,
ಒಳಗೆ ಬೀಜ ಗಲಗಲ ಅನ್ನುವವರೆಗೆ.
ಆಮೇಲೆ ತೂತು: ಎರಡು ಅಂಗುಲ, ಮೇಲೊಂದು ನೂಲೆಳೆ.
ಆಮೇಲೆ ಬಿಳಿ ಬಣ್ಣ, ಎರಡು ಕೈ.
ಮೂವತ್ತೊಂದು ವರ್ಷ ರೈಲು ಹಳಿಗೆ ಬೋಲ್ಟು ಬಿಗಿದವನು
ಬುರುಡೆಯನ್ನು ಕೂಸಿನ ತಲೆಯಂತೆ ಹಿಡಿದು ಉಜ್ಜುತ್ತಿದ್ದ.

ಯಾರಿಗಪ್ಪಾ ಈ ಅರಮನೆ, ಅಂದೆ.
ಮಾರ್ಟಿನ್ ಹಕ್ಕಿಗೆ. ನೇರಳೆ ಬಣ್ಣದ್ದು.
ಬ್ರೆಜಿಲ್‌ನಿಂದ ಬರುತ್ತೆ, ಕಡಲು ದಾಟಿ, ನಮ್ಮ ಅಲಬಾಮಾಕ್ಕೆ.
ಬಂದ ಮೇಲೆ ಕಾಡಿದ್ದರೂ ಕಾಡಿಗೆ ಹೋಗದು,
ಮನುಷ್ಯ ಕಟ್ಟಿಕೊಟ್ಟದ್ದೇ ಆಗಬೇಕು.
ನನಗೆ ನನ್ನ ಅತ್ತಿಗೆ ನೆನಪಾದಳು.

ಕಂಬಕ್ಕೆ ಬಯಲು ಬೇಕಂತೆ, ಸುತ್ತ ನಲವತ್ತಡಿ ಮರ ಇರಕೂಡದಂತೆ.
ಅವನು ಪೆಕಾನ್ ಮರದ ಕಡೆ ನೋಡಿದ.
ನಾನು ಅವನ ಕಡೆ ನೋಡಿದೆ.
ಕೊನೆಗೆ ನನ್ನ ಬಟ್ಟೆ ತಂತಿ ಇದ್ದಲ್ಲಿ ಕಂಬ ಎದ್ದಿತು.
ಅಂದಿನಿಂದ ನಮ್ಮ ಹಾಸಿಗೆ ವಸ್ತ್ರ ಬೇಲಿಯ ಮೇಲೆ;
ದಾರಿಹೋಕರಿಗೆಲ್ಲ ನಮ್ಮ ತೇಪೆಯ ಲೆಕ್ಕ ಗೊತ್ತು.

ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿ
ನಾಲ್ಕೂವರೆಗೆ ಗೇಟು ತೆಗೆದರೆ
ಕತ್ತಲಲ್ಲಿ ಹಕ್ಕಿ ಹಾಡು. ಟೇಪಿನದು.
ಕುರ್ಚಿಯಲ್ಲಿ ಲೂಷಿಯಸ್, ಮೊಣಕಾಲಿಗೆ ಕಂಬಳಿ,
ಮುಗಿದಾಗೆಲ್ಲ ಎದ್ದು ತಿರುವಿ ಹಾಕುತ್ತಾನೆ.
ಮನೆ ಹಿಡಿದ ಗಂಡು, ಮೇಲೆ ಹಾದು ಹೋಗುವವರಿಗೆ
‘ಇಲ್ಲಿ ನಾವಿದ್ದೇವೆ’ ಅನ್ನುವ ಹಾಡಂತೆ ಅದು.
ಯಾರೂ ಇಲ್ಲದಲ್ಲಿ ‘ನಾವಿದ್ದೇವೆ’ ಅನ್ನುವ ಸುಳ್ಳು
ಇಷ್ಟು ಇಂಪಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ.
ಪಕ್ಕದ ಮನೆಯ ಓರಾ ಡಾರ್ಸೆಟ್‌ಗೆ ಕೊನೆಗೂ ತಿಳಿಯಲಿಲ್ಲ.
ಕಿಟಕಿ ತೆಗೆದು ಬೈದಳು.

ಮೊದಲ ವರ್ಷ ಬಂದದ್ದು ಗುಬ್ಬಿ.
ಹುಲ್ಲು, ಕೋಳಿಪುಕ್ಕ, ಯಾರೋ ಕುಡಿದೆಸೆದ ಸ್ಟ್ರಾ,
ನನ್ನ ಹೊಲಿಗೆ ಡಬ್ಬಿಯ ನೂಲು.
ಅವನು ರಾಟೆಯ ಹಗ್ಗ ಬಿಟ್ಟು ಬುರುಡೆ ಇಳಿಸಿ ಕಿತ್ತೆಸೆಯುತ್ತಿದ್ದ.
ಮರುದಿನ ಮತ್ತೆ ಹುಲ್ಲು.
ಹನ್ನೊಂದು ಸಲ. ನಾನು ಎಣಿಸಿದ್ದೇನೆ.
ಹನ್ನೆರಡನೆಯ ಸಲ ಅವನ ಅಂಗೈಯಲ್ಲಿ ಮೂರು ಮೊಟ್ಟೆ,
ಚುಕ್ಕೆ ಚುಕ್ಕೆ, ಇನ್ನೂ ಬೆಚ್ಚಗೆ.
ಬಿಟ್ಟರೆ ಇವು ಮಾರ್ಟಿನ್ ಮೊಟ್ಟೆ ಕುಕ್ಕುತ್ತವೆ, ಅಂದ.
ಯಾವ ಮಾರ್ಟಿನ್, ಅಂದೆ.
ಆ ಸಂಜೆ ಅವನೇ ಬಡಿಸಿಕೊಂಡು ಉಂಡ.

ಮರುವರ್ಷ ಫೆಬ್ರವರಿ ಕೊನೆಗೆ ಎರಡು ಬಂದವು,
ಅಪ್ಪಟ ನೇರಳೆ, ಬಿಸಿಲಿಗೆ ಮಸಿಕುಡಿಕೆ ಒಡೆದ ಹಾಗೆ.
ಪ್ರತಿ ಬಾಗಿಲಲ್ಲೂ ತಲೆ ಹಾಕಿದವು.
ಬಾಡಿಗೆ ಮನೆ ನೋಡಲು ಬಂದವರು
ಗೋಡೆ ತಟ್ಟಿ, ನಲ್ಲಿ ತಿರುಗಿಸಿ,
‘ಹೇಳಿ ಕಳಿಸ್ತೀವಿ’ ಅಂದು ಹೋಗುತ್ತಾರಲ್ಲ,
ಹಾಗೆ ಹೋದವು.
ಲೂಷಿಯಸ್ ಎರಡು ದಿನ ಗಡ್ಡ ಹೆರೆದುಕೊಳ್ಳಲಿಲ್ಲ.

ಏಪ್ರಿಲ್ ಕಳೆಯುವಾಗ, ಬರುವವರೆಲ್ಲ ಬಂದು ನೆಲೆಯಾದ ಮೇಲೆ,
ಒಂದೇ ಒಂದು.
ಹೋದ ವರ್ಷ ಹುಟ್ಟಿದ್ದು. ಬೂದು ಎದೆ,
ಅಲ್ಲೊಂದು ಇಲ್ಲೊಂದು ನೇರಳೆ ತೊಟ್ಟು,
ಬಣ್ಣ ಅದ್ದುವವನು ನಡುವೆ ಊಟಕ್ಕೆ ಎದ್ದುಹೋದಂತೆ.
ಹಳೆಯ ಕಂಬಗಳಲ್ಲಿ ಜಾಗ ಸಿಕ್ಕಿರಲಿಕ್ಕಿಲ್ಲ ಇದಕ್ಕೆ.
ಹೊಸ ಕಂಬಕ್ಕೆ ಇಂಥವೇ ಬರೋದು, ಅಂದ ಲೂಷಿಯಸ್,
ಮಲಗಿದ ರೋಗಿಯ ಪಕ್ಕ ಮಾತಾಡುವಂತೆ.
ಐದನೆಯ ಬುರುಡೆ ಹಿಡಿಯಿತು. ವಾರಕ್ಕೆ ಹೆಣ್ಣೂ ಬಂತು.
ಕೆಸರು, ಕಡ್ಡಿ, ಮೇಲೆ ಹಾಸಲು ಹಸಿರೆಲೆ.
ಇಳಿಸಿ ನೋಡಿದರೆ ನಾಲ್ಕು ಬಿಳಿ ಮೊಟ್ಟೆ,
ಅಡಿಯಲ್ಲಿ ಪೆಕಾನ್ ಎಲೆ.
ಅವನು ಮರದ ಕಡೆ ನೋಡಿದ.
ನಾನು ಏನೂ ಅನ್ನಲಿಲ್ಲ.
ಅನ್ನದಿರಲು ಎಷ್ಟು ಕಷ್ಟವಾಯಿತು!

ಈಗ ಟೇಪು ಡ್ರಾಯರಿನಲ್ಲಿದೆ.
ನಾಲ್ಕೂವರೆಗೆ ಗೇಟಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತೇನೆ:
ಮೇಲಿನಿಂದ ಅದೇ ಹಾಡು, ನಡುನಡುವೆ ತಪ್ಪು.

ಅವನಿಗೆ ಒಂದು ಹೇಳಿಲ್ಲ.
ಹದಿನೇಳರಲ್ಲಿ ಒಂದು, ಒಣಗುವಾಗ ಸೀಳಿತ್ತು. ಎಸೆ, ಅಂದಿದ್ದ.
ಅದು ಅಡುಗೆಮನೆಯ ಹಿಂದೆ, ಸೂರಿನಡಿ,
ಕಂಬಕ್ಕೆ ಕಾಣದ ಹಾಗೆ ತೂಗುತ್ತಿದೆ,
ಬಾಯಲ್ಲಿ ಹುಲ್ಲು, ಕೋಳಿಪುಕ್ಕ,
ನನ್ನ ನೂಲು.
ಈಚೆಗೆ ಲೂಷಿಯಸ್ ಆ ಕಡೆ ಬರುವಾಗ, ಯಾಕೋ,
ಕೆಮ್ಮಿಕೊಂಡು ಬರುತ್ತಾನೆ.