ಸೊಂಟದ ಲೆಕ್ಕ

ದೊಡ್ಡದು ಸುಖ ಕಣೆ ಹೊಡೆಯಲಿಕ್ಕೆ, ಅನ್ನುತ್ತಿದ್ದ ಆರ್ಲೋ,
ಅರವತ್ತು ಗುಂಡು ಹಾರಿಸಿದರೂ ಅಂಗೈ ಕೆಂಪಾಗದು,
ಒದೆತವನ್ನೆಲ್ಲ ಉಕ್ಕೇ ನುಂಗಿಕೊಳ್ಳುತ್ತದೆ.
ನನ್ನದು ನಡುಗಾತ್ರದ ರಿವಾಲ್ವರು. ಮ್ಯಾಗ್ನಮ್ ತುಂಬಿದರೆ
ಹೆಬ್ಬೆರಳ ಬುಡಕ್ಕೆ ಕತ್ತೆ ಒದ್ದ ಹಾಗೆ.

ಐಡಾಹೊ ಬೆಟ್ಟದಲ್ಲಿ ಮುಳ್ಳುತಂತಿ ಬಿಗಿಯುವ ಕೆಲಸ,
ದಿನಕ್ಕೆ ಒಂಬತ್ತು ಮೈಲಿ.
ಮೊದಲ ವಾರ ಅವನ ಬೆಲ್ಟು ಜಗ್ಗಿತು,
ಎರಡನೆಯ ವಾರ ಸೊಂಟಕ್ಕೆ ಮುಲಾಮು.
ಆಮೇಲೆ ಅದು ಪಿಕಪ್ಪಿನ ಸೀಟಿನಡಿ ಮಲಗಿತು,
ಸುಖವಾಗಿ.

ಕರಡಿ ಎದ್ದು ನಿಂತ ಬೆಳಿಗ್ಗೆ
ಪಿಕಪ್ಪು ಎರಡು ಮೈಲಿ ಕೆಳಗಿತ್ತು.
ಆಕಾಶಕ್ಕೊಂದು ಹಾರಿಸಿದೆ.
ಕರಡಿ ಯೋಚಿಸಿತು,
ಹಕಲ್‌ಬೆರಿ ಪೊದೆಗೆ ವಾಪಸಾಯಿತು.

ಆರ್ಲೋ ಏನೂ ಅನ್ನಲಿಲ್ಲ.
ಅದುರುತ್ತಿದ್ದ ನನ್ನ ಕೈ ಹಿಡಿದು
ತೊರೆಯಲ್ಲಿ ಅದ್ದಿದ,
ತುಂಬ ಹೊತ್ತು.