ಒಂದೇ ಶಾಯಿಯ ಮೇ ತಿಂಗಳು

ಇಂಡಿ ತಾಲೂಕು ಕಚೇರಿಯ ಹಿಂದೆ, ಸೈಕಲ್ ಸ್ಟ್ಯಾಂಡಿಗೆ ತಾಗಿ
ನಾಲ್ಕು ಕಾಲಿನ ಬಿಳಿ ಕಟ್ಟಿಗೆ ಪೆಟ್ಟಿಗೆ.
ಹೊಸಬರು ಜೇನು ಇದ್ದಾವೆಂದು ದೂರ ಸರಿಯುತ್ತಾರೆ.
ದಿನಾ ಎಂಟೂವರೆಗೆ ಅದರ ಬಾಗಿಲು ತೆಗೆದು
ಪಾದರಸ ಎಲ್ಲಿಗೆ ಹೋಗಿ ಬಂತೆಂದು ಬರೆಯುವಾಕೆ ನಾನು.
ನನಗಿಂತ ಮೊದಲು ಅಪ್ಪ.

ಸಕ್ಕರೆ ಕಾರ್ಖಾನೆಯ ಹೊಸ ಚಿಮಣಿಗೆ ಅಹವಾಲು ಸಭೆ.
ಹತ್ತರಕಿ ಮಾಸ್ತರರು ಗೋಡೆಗೆ ಹಾಳೆ ಹಚ್ಚಿದರು, ಏರುವ ಕೆಂಪು ಗೆರೆ:
'ನಮ್ಮ ರಜಿಸ್ಟರಿಂದ ತಗದದ್ದು, ನಲವತ್ತು ವರ್ಷದ್ದು.
ಸುಟ್ಟವರು ನಾವ. ಸೂರ್ಯಗ ಬೈಬ್ಯಾಡ್ರಿ.'
ವಕೀಲ ಮಸಳಿ ಎದ್ದರು, ಕೋಟು ಬಿಚ್ಚದೆ:
'ಪೆಟಿಗಿ ಮೊದಲ ಹೊಲದಾಗಿತ್ತು, ಈಗ ಸುತ್ತ ಕಾಂಕ್ರೀಟು.
ಜಗತ್ತು ಕಾದಿಲ್ರಿ, ನಿಮ್ಮ ಪೆಟಿಗಿ ಕಾದೈತಿ.'
ಮುಂದಿನ ಸಾಲು ಜೋರಾಗಿ ನಕ್ಕಿತು.
ಹಿಂದಿನಿಂದೊಬ್ಬ: 'ಅಮೇರಿಕಾದವ್ರು ಎರಡನೂರು ವರ್ಷ ಉಂಡದ್ದು
ನಮ್ಮ ಬಿಲ್ಲಿನ್ಯಾಗ ಯಾಕ ಬರೀತೀರಿ?'
'ಖರೆ ಐತಿ. ಆದ್ರ ನೀನೂ ಈಗ ಎರಡನೇ ರೊಟ್ಟಿಗೆ ಕೈ ಒಡ್ಡೀದಿ.'
ಲಿಂಬಿಕಾಯಿ ದಲಾಲಿ ಮೌಲಾಸಾಬ ಬಾಗವಾನ
ಎದ್ದು ನಿಂತು, ಏನೋ ಮರೆತವನಂತೆ ತಡೆದು, ಕೇಳಿದ:
'ಹೂವ ಉದರತಾವಲ್ರಿ, ಅವು ಯಾವ ಪಾರ್ಟಿ?'
ಯಾರೂ ಹೇಳಲಿಲ್ಲ. ಕೂತ.

ಆಮೇಲೆ ನನ್ನನ್ನು ಕರೆದರು.

ಎಂಬತ್ತೇಳರ ಮೇ. ಮೂವತ್ತೊಂದು ದಿನ, ಒಂದೇ ಶಾಯಿ.
ನಲವತ್ತೊಂದು, ನಲವತ್ತೊಂದು, ನಲವತ್ತೊಂದು,
ನೋಡುವವರು ನಂಬಲೆಂದು ಅಲ್ಲೊಂದು ಇಲ್ಲೊಂದು ನಲವತ್ತೆರಡು.
ಆ ತಿಂಗಳು ಅಪ್ಪ ಸೊಲ್ಲಾಪುರದ ಆಸ್ಪತ್ರೆಯ ವರಾಂಡದಲ್ಲಿದ್ದ,
ಪೆಟ್ಟಿಗೆ ಇಲ್ಲೇ, ರಜಿಸ್ಟರು ಅವನ ಕಂಕುಳಲ್ಲಿ.
ಏಳೇ ತಿಂಗಳಿಗೆ ಹುಟ್ಟಿದ್ದೆ ನಾನು.
ಹಿಂದಿನ ರಟ್ಟಿನ ಒಳಗೆ ಆ ಮೇ ತಿಂಗಳ ಖರೆ ಅಂಕಿಗಳಿವೆ:
ಒಂದು ಕಿಲೋ ಮುನ್ನೂರು. ಒಂದು ಮುನ್ನೂರಾ ಹತ್ತು.
ಒಂದು ಇನ್ನೂರಾ ಎಂಬತ್ತು, ಪಕ್ಕದಲ್ಲಿ ಏನೋ ಬರೆದು ಹೊಡೆದು ಹಾಕಿದ್ದು.
ಪೆನ್ಸಿಲು, ಹಸಿರು, ನರ್ಸಮ್ಮನ ಕೆಂಪು ಪೆನ್ನು,
ಸಿಕ್ಕಿದ್ದರಲ್ಲಿ.

ಮೈಕಿನಲ್ಲಿ ಹೇಳಿದೆ: 'ಆ ಒಂದು ಮೇ ಸುಳ್ಳು.
ಪೆಟಿಗಿ ಸರಿಸಿದ್ದೂ ಖರೆ.
ಅವೆರಡನ್ನೂ ಲೆಕ್ಕಾ ಹಿಡದು ತಗದ್ರೂ ಗೆರಿ ಮ್ಯಾಲ ಹೋಗತೈತ್ರಿ.'
'ಸುಳ್ಳು' ಅನ್ನುವಷ್ಟರಲ್ಲೇ ಚಪ್ಪಾಳೆ ಎದ್ದಿತ್ತು.
ಉಳಿದದ್ದು ಅದರಡಿ ಹೋಯಿತು.
ಮರುದಿನದ ಪೇಪರು: ತಾಪಮಾನದ ಲೆಕ್ಕ ಸುಳ್ಳು, ಸಿಬ್ಬಂದಿ ತಪ್ಪೊಪ್ಪಿಗೆ.
ಮಾಸ್ತರರು ಎದುರು ಸಿಕ್ಕರೆ ರಸ್ತೆ ದಾಟಿದರು.
ವಕೀಲರು ಪೇಢೆ ಕಳಿಸಿದರು; ಡಬ್ಬಿ ಬಿಚ್ಚದೆ ತಿರುಗಿ ಕಳಿಸಿದೆ.
ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದ, ಗೊತ್ತಿಲ್ಲ.
ಅವನ ಬಗ್ಗೆ ಊರೆಲ್ಲ ಮಾತಾಡಿದ್ದು ಅದೇ ಮೊದಲು.

ಇವತ್ತು ಹತ್ತೊಂಬತ್ತು. ನಿನ್ನೆಯ ಗರಿಷ್ಠ ನಲವತ್ಮೂರು ಪಾಯಿಂಟ್ ಎರಡು.
ಪಾಯಿಂಟಿಗೆ ಬಂದಾಗ ನೀಲಿ ಪೆನ್ನು ತೀರಿತು.
ಒಳಗೆ ಹೋಗಿ ಗುಮಾಸ್ತರ ಕರಿ ಪೆನ್ನು ಇಸಕೊಂಡು ಬಂದು
ಎರಡು ಬರೆದೆ.
ಒಂದೇ ಬಣ್ಣ ಮಾಡಲು ಕೈ ಹೋಗಿತ್ತು, ತಡೆದೆ.