ತಂಕಾಸೆ

ಟೌನ್ ಕೌನ್ಸಿಲ್ ಎಂಬ ಮಾತು
ನಮ್ಮ ಹೋ ಊರಿನ ಓಣಿಗಳಲ್ಲಿ ಉರುಳಿ ಉರುಳಿ
ಮೂಲೆ ಸವೆದು
ತಂಕಾಸೆ ಆಯಿತು.
ಖಾಕಿ ಚಡ್ಡಿ, ಕೈಯಲ್ಲೊಂದು ಸೌಟು, ಜೇಬಿನಲ್ಲಿ ದಂಡದ ಪುಸ್ತಕ.
ಅವನು ತಿರುವಿನಲ್ಲಿ ಕಂಡದ್ದೇ ತಡ
ಹುಡುಗರು ಸಿಳ್ಳೆ ಹಾಕುತ್ತಿದ್ದರಂತೆ,
ಮನೆಮನೆಯ ಹರವಿಗಳು ದಬದಬ ಬೋರಲಾಗುತ್ತಿದ್ದವಂತೆ.
ನನ್ನ ಅಜ್ಜಿ, ನಾವು ಮಾಮಾ ಎನ್ನುತ್ತೇವೆ,
ಒಂದು ಸಲ ಸಿಳ್ಳೆ ಕೇಳಿಸಿಕೊಳ್ಳಲಿಲ್ಲ.
ಒಲೆ ಊದುತ್ತಿದ್ದಳು.
ಎರಡು ಕೋಳಿ ಮಾರಿ ದಂಡ ಕಟ್ಟಿದಳು.
ಆ ಕೋಳಿಗಳ ಬಣ್ಣ ಈಗಲೂ ಹೇಳುತ್ತಾಳೆ.

ಅಂಥವಳಿಗೆ ನಾನು ಹೇಳಬೇಕಾಯಿತು:
ಸೀಟು ಸಿಕ್ಕಿದೆ, ಪರಿಸರ ಆರೋಗ್ಯ, ನಾಲ್ಕು ವರ್ಷ,
ಮುಗಿದ ಮೇಲೆ ಅಧಿಕಾರಿ.
"ಯಾವ ಅಧಿಕಾರಿ?"
ನಾನು ಉದ್ದದ ಹೆಸರು ಹೇಳಿದೆ.
ಅವಳು ಗಿಡ್ಡದ್ದು ಹೇಳಿದಳು.
ಆ ರಾತ್ರಿ ಆಕ್ಪ್ಲೆಯ ಜೊತೆ
ನನ್ನ ತಟ್ಟೆಗೆ ಮೀನು ಬೀಳಲಿಲ್ಲ.

ಮೊದಲ ವರ್ಷ ಬರೀ ನೀರು.
ಬಾವಿಗೂ ಕಕ್ಕಸಿಗೂ ಇರಬೇಕಾದ ದೂರವನ್ನು
ಹಗ್ಗ ಹಿಡಿದು, ಹೆಜ್ಜೆ ಹಾಕಿ ಕಲಿತೆವು.
ಎರಡನೆಯ ವರ್ಷ ಕಸಾಯಿಖಾನೆ, ಬೆಳಗಿನ ಜಾವ ನಾಲ್ಕು.
ದನದ ಪಿತ್ತಕೋಶದ ಪಕ್ಕ ಸೀಳಿ
ಎಲೆಯಂತೆ ಚಪ್ಪಟೆಯಾದ ಹುಳುಗಳನ್ನು ತೋರಿಸಿ
ಅಗ್ಬೆಕೊ ಮೇಷ್ಟ್ರು ಕೇಳಿದರು:
"ಇದನ್ನು ಮಾರಬೇಡ ಎಂದು ಯಾರಿಗೆ ಹೇಳುತ್ತೀರಿ?
ಕಟುಕನಿಗೋ, ಅವನಿಗೆ ಸಾಲ ಕೊಟ್ಟು ಹಿಂದೆ ನಿಂತವನಿಗೋ?"
ಯಾರೂ ಬಾಯಿ ಬಿಡಲಿಲ್ಲ.
ಕಟುಕ ನಮ್ಮನ್ನೇ ನೋಡುತ್ತಿದ್ದ,
ಚಾಕು ಒರೆಸುತ್ತ, ಒರೆಸಿದ್ದನ್ನೇ ಒರೆಸುತ್ತ.
ಗೆಳತಿ ಸೆನಾನು ಹೊರಗೋಡಿ ವಾಂತಿ ಮಾಡಿ ಬಂದು
ಅಚ್ಚುಕಟ್ಟಾಗಿ ತೂಕ ಬರೆದುಕೊಂಡಳು.
ಈಗ ತರಗತಿಗೆ ಅವಳೇ ಮೊದಲು.

ಮೂರನೆಯ ವರ್ಷ ಸೊಳ್ಳೆ.
ಚೀಟಿ ಎತ್ತಿದರೆ ನಮ್ಮದೇ ಓಣಿ.
ನೆಂಟರ ಮನೆ ಇದ್ದರೆ ತಿಳಿಸಬೇಕು, ಬದಲಿಸಿಕೊಳ್ಳಬೇಕು,
ನಿಯಮ ಗೊತ್ತು,
ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇನೆ.
ತಿಳಿಸಲಿಲ್ಲ.

ಹದಿನಾಲ್ಕನೆಯ ಮನೆ.
ಹರವಿಯೊಳಗೆ ಟಾರ್ಚು ಬಿಟ್ಟೆ.
ಬೆಳಕು ಬಿದ್ದೊಡನೆ ತಳಕ್ಕೆ ಜಾರಿದವು
ಅಲ್ಪವಿರಾಮಗಳು,
ಯಾವ ವಾಕ್ಯಕ್ಕೂ ಸೇರದವು, ಕೊಂಕಿ ಕೊಂಕಿ.
ಮಾಮಾ ಹೊಸ್ತಿಲಲ್ಲಿ ಕೂತು ಸೊಂಟದ ಗಂಟು ಬಿಚ್ಚಿದಳು.
"ಎಷ್ಟು?"
ದಂಡವಲ್ಲ ಮಾಮಾ, ಇದು ಅಭ್ಯಾಸದ ಪುಸ್ತಕ.
"ಹಾಗಾದರೆ ಓದು."
ಓದಿದೆ:
ಪಾತ್ರೆ ಒಂದು. ಮಣ್ಣಿನದು. ಮುಚ್ಚಳ ಇಲ್ಲ.
"ಇತ್ತು. ನಿನ್ನ ತಾತನನ್ನು ಹೊರಗೆ ತರುವಾಗ
ಹೊತ್ತವರ ಕಾಲು ತಗುಲಿ ಒಡೆಯಿತು. ಬರಿ."
ಅದಕ್ಕೆ ಕಾಲಂ ಇಲ್ಲ ಮಾಮಾ.
"ಬರಿ."

ಅಂಚಿನಲ್ಲಿ ಬರೆದೆ, ಸಣ್ಣಕ್ಷರದಲ್ಲಿ, ಓರೆಯಾಗಿ.
ಮೇಷ್ಟ್ರು ಕೆಂಪು ಶಾಯಿಯ ಸುತ್ತು ಹಾಕಿ
"ಅಪ್ರಸ್ತುತ" ಎಂದರು.
ಕೆಳಗೆ ಇನ್ನೊಂದು ಸಾಲು, ಅದೂ ಕೆಂಪು:
"ಹೊಸ ಮುಚ್ಚಳ ಕೊಡಿಸಿದೆಯಾ?"

ಸಂತೆಯ ಅಲ್ಯುಮಿನಿಯಂ ಯಾವುದೂ ಆ ಬಾಯಿಗೆ ಕೂರಲಿಲ್ಲ.
ಕೊನೆಗೆ ಮಾಮಾ ತಾತನ ಅಂಗಿಯೊಂದನ್ನು ಹರಿದು
ದಾರ ಸುತ್ತಿ ಬಿಗಿದಳು.
ಗುಂಡಿಯ ತೂತು ಒಂದು ಉಳಿದಿತ್ತು.
ನಾನು ಹೊಲಿದೆ.

ಈಗ ನಾಲ್ಕನೆಯ ವರ್ಷ.
ಸುಳಿವು ಕೊಡದೆ ಹೋಗಬೇಕು ಎನ್ನುತ್ತದೆ ಪಠ್ಯ.
ನಾನು ತಿರುವಿನಲ್ಲಿ ನಿಲ್ಲುತ್ತೇನೆ,
ಬೂಟಿಗೆ ಕಲ್ಲು ಹೊಕ್ಕವಳಂತೆ ಬಗ್ಗಿ
ಇಲ್ಲದ ಕಲ್ಲನ್ನು ಕೊಡವುತ್ತೇನೆ, ಸಾಕಷ್ಟು ಹೊತ್ತು.
ಸಿಳ್ಳೆಯೊಂದು ಏಳುತ್ತದೆ,
ಹಲ್ಲಿಲ್ಲದ ಬಾಯಿಯ ಸಿಳ್ಳೆ, ಸದ್ದಿಗಿಂತ ಗಾಳಿ ಹೆಚ್ಚು.
ಹಿಂದೆಯೇ ದಬದಬ, ಈ ಮನೆ, ಆ ಮನೆ.

ಓಣಿಗೆ ಕಾಲಿಟ್ಟರೆ ನೆಲವೆಲ್ಲ ಒದ್ದೆ.
ಹುಳು: ಸೊನ್ನೆ, ಎಂದು ಬರೆದುಕೊಳ್ಳುತ್ತೇನೆ.
ಬೋರಲು ಹರವಿಯ ಪಕ್ಕದಲ್ಲಿ
ಕಂದು ಕೋಳಿಯೊಂದು
ಹಸಿ ಮಣ್ಣಿನಿಂದ ಏನನ್ನೋ
ಹೆಕ್ಕಿ ಹೆಕ್ಕಿ ನುಂಗುತ್ತಿದೆ.